ಮುಚ್ಚಂಡಿಯ ಹೊಲದಲ್ಲಿ ಎಣ್ಣೆ ಬಣ್ಣ

ದಾವಣಗೆರೆ

ನಮ್ಮ ಬೀದಿಯ ಅಕ್ಕಿ ಮಂಡಿಯವರ ಮಗ ಲಂಡನ್ನಿಗೆ ಹೋಗಿಬಂದು ಮಳೆಗಾಲವಿಡೀ ಅದೇ ಮಾತಾಡಿದ. ನಾನು ಹೋದದ್ದು ಜತ್ತಕ್ಕೆ. ನಗಬೇಡಿ. ಆಗ ನಮ್ಮದಿನ್ನೂ ಮೈಸೂರು ರಾಜ್ಯ, ಜತ್ತ ತಾಲ್ಲೂಕು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯದು. ಬೇರೆ ಸರ್ಕಾರ, ಬೇರೆ ಬಸ್ಸು, ಬಸ್ಸಿನ ಹಣೆಯ ಮೇಲೆ ಬೇರೆ ಅಕ್ಷರ. ಬೋರ್ಡು ಬರೆದು ಬದುಕುವವನಿಗೆ ಅಕ್ಷರ ಬದಲಾದರೆ ದೇಶ ಬದಲಾದಂತೆಯೇ.

ಹೌದು, ನಾನು ಬೋರ್ಡು ಬರೆಯುವವನು. ಸಿನಿಮಾ ಬ್ಯಾನರ್ ಬರೆಯುವವರ ಕೈಕೆಳಗೆ ಬಣ್ಣದ ಡಬ್ಬಿ ಕಲಕುತ್ತಾ ಶುರುಮಾಡಿ ಸ್ವಂತ ಅಂಗಡಿ ಇಟ್ಟವನು. ಊರಿನ ಸೋಡಾ ಅಂಗಡಿಯಿಂದ ವಕೀಲರ ಮನೆಯವರೆಗೆ ಹೆಸರುಗಳೆಲ್ಲ ನನ್ನ ಕೈಯವು. ನನ್ನ ಹೆಸರು ಮಾತ್ರ ಎಲ್ಲೂ ಇರಲಿಲ್ಲ.

ಕಂಬಳಿ ವ್ಯಾಪಾರಿ ಮಲ್ಲಣ್ಣನವರು ಹೊಸ ಅಂಗಡಿ ಕಟ್ಟಿಸಿದರು. ಯುಗಾದಿಗೆ ಪ್ರಾರಂಭ. ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಗೆ ಒಂದು ದೊಡ್ಡ ಎಣ್ಣೆ ಚಿತ್ರ ಬೇಕು, ಬಯಲು ಹೊಲದಲ್ಲಿ ಕುರಿಹಿಂಡು ಇರಬೇಕು, ಅದೂ ತಮಗೆ ಉಣ್ಣೆ ಬರುವ ಜತ್ತದ ಕಡೆಯದೇ ಆಗಬೇಕು ಎಂದರು. ನಾನು ಒಪ್ಪುವಷ್ಟರಲ್ಲಿ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರರು ಅವರ ಕಿವಿಗೆ ಒಂದು ಮಾತು ಹಾಕಿದ್ದರು. ಬೋರ್ಡಿನವರು ಕ್ಯಾಲೆಂಡರ್ ನೋಡಿ ಬರೆಯುತ್ತಾರೆ, ಎಣ್ಣೆ ಚಿತ್ರ ಅಂದರೆ ಎದುರಿಗೆ ಕೂತು, ಕಣ್ಣಿಗೆ ಕಂಡದ್ದನ್ನೇ ಬರೆಯುವುದು ಎಂದು.

ನನಗೆ ರೇಗಿತು. ಅಲ್ಲೇ ಒಂದು ಕರಾರು ಮಾಡಿಕೊಂಡೆ. ಜತ್ತಕ್ಕೇ ಹೋಗುತ್ತೇನೆ, ಹೊಲದಲ್ಲೇ ಕೂತು ಮುಗಿಸುತ್ತೇನೆ, ಮನೆಗೆ ಬಂದು ಒಂದು ಗೆರೆ ಎಳೆಯುವುದಿಲ್ಲ. ಕಂಡದ್ದನ್ನು ಬಿಟ್ಟು ಬೇರೆಯದನ್ನು ಬರೆದಿದ್ದೇನೆಂದು ಮಾಸ್ತರರು ತೋರಿಸಿದರೆ ಚಿತ್ರ ವಾಪಸು. ತೋರಿಸಲಾಗದಿದ್ದರೆ ಮೂಲೆಯಲ್ಲಿ ನನ್ನ ಹೆಸರು ಇರಬೇಕು, ಎದ್ದು ಕಾಣುವ ಹಾಗೆ. ಇನ್ನೊಂದು ಕರಾರು ನನ್ನ ಜೊತೆ ನಾನೇ ಮಾಡಿಕೊಂಡೆ: ಆ ಊರಲ್ಲಿ ಯಾರು ಕೇಳಿದರೂ ಬೋರ್ಡು ಬರೆಯಬಾರದು.

ಬಣ್ಣದ ಕೊಳವೆಗಳನ್ನು ಹುಬ್ಬಳ್ಳಿಯಲ್ಲಿ ಕೊಂಡೆ. ಅಂಗಡಿಯವನ ಜೊತೆ ಹೊತ್ತು ನೆತ್ತಿಗೇರುವವರೆಗೆ ಚೌಕಾಸಿ ಮಾಡಿದಾಗ ಅವನು ಸೋತು, ಸಿಂಧೂರ ಕೆಂಪಿನ ಕೊಳವೆಗಳ ಒಂದು ರಟ್ಟಿನ ಡಬ್ಬಿಯನ್ನೇ ಮೇಲೆ ಹಾಕಿ ಕೊಟ್ಟ. ಕುರಿಹಿಂಡಿನ ಚಿತ್ರಕ್ಕೆ ಅಷ್ಟು ಕೆಂಪು ಯಾಕೆಂದು ನನಗೆ ಹೊಳೆದದ್ದು ರೈಲು ಹೊರಟ ಮೇಲೆ. ನಿಮಗೆ ನನ್ನ ಸಲಹೆ ಇಷ್ಟೆ: ಅಂಗಡಿಯವನು ಸೋತಾಗ ಅವನ ಮುಖ ನೋಡಿ. ಸಂತೋಷವಾಗಿದ್ದರೆ ಸೋತದ್ದು ನೀವು.

ವಿಜಾಪುರದಿಂದ ಜತ್ತದ ಬಸ್ಸು

ಕ್ಯಾನ್ವಾಸಿನ ಚೌಕಟ್ಟು ಬಸ್ಸಿನೊಳಗೆ ಹಿಡಿಸಲಿಲ್ಲ. ಮೇಲೆ ಕಟ್ಟಿಸಿದೆ. ವಿಜಾಪುರ ದಾಟಿದರೆ ನೆಲಕ್ಕೆ ಅಂಚೇ ಇಲ್ಲ, ಗಾಳಿಗೆ ತಡೆಯೂ ಇಲ್ಲ. ಕ್ಯಾನ್ವಾಸು ಹಾಯಿಯ ಹಾಗೆ ಗಾಳಿ ತುಂಬಿಕೊಂಡು ಬಡಿಯತೊಡಗಿತು. ಡ್ರೈವರು ನಿಲ್ಲಿಸಿ ಕೆಳಗಿಳಿದು, ಮೇಲೆ ಕುಣಿಯುತ್ತಿರುವವರು ಯಾರೆಂದು ನೋಡಿಬಂದ. ಕೊನೆಗೆ ಅದನ್ನು ಒಳಗೆ ತಂದು ಪ್ರಯಾಣಿಕರ ತೊಡೆಗಳ ಮೇಲೆ ಅಡ್ಡಲಾಗಿ ಮಲಗಿಸಿದೆವು. ಒಬ್ಬರು ಅದರ ಮೇಲೆ ಎಲೆಯಡಿಕೆ ಹರವಿದರು. ನಮ್ಮ ಕಡೆಯಾಗಿದ್ದರೆ ಕಂಡಕ್ಟರನಿಂದ ಹಿಡಿದು ಕೊನೆಯ ಸೀಟಿನವರೆಗೆ ಜಗಳವಾಗುತ್ತಿತ್ತು. ಇಲ್ಲಿ ಯಾರೂ ಬೇಸರಿಸಲಿಲ್ಲ, ಬದಲಿಗೆ ಒಬ್ಬೊಬ್ಬರೂ ಇದೇನು, ಯಾಕೆ, ಯಾರಿಗೆ ಎಂದು ಕೇಳಿದರು. ಊರಲ್ಲಿ ಬಾಯಿಪಾಠ ಮಾಡಿಕೊಂಡಿದ್ದ ಮರಾಠಿಯಲ್ಲಿ ನಾನು ಉತ್ತರ ಕೊಟ್ಟೆ. ಅವರು ಮರ್ಯಾದೆಯಿಂದ ಪೂರ್ತಿ ಕೇಳಿ, ಆಮೇಲೆ ಕನ್ನಡದಲ್ಲಿ "ಇನ್ನ ಕನ್ನಡದಾಗ ಹೇಳ್ರಿ" ಎಂದರು.

ಕುಲುಕಾಟಕ್ಕೆ ಟರ್ಪೆಂಟೈನ್ ಸೀಸೆಯ ಬಿರಡೆ ಸಡಿಲವಾಗಿ ವಾಸನೆ ಹಬ್ಬಿತು. ಬೈಗುಳ ಬರುತ್ತದೆಂದು ಕಾದೆ. ಪಕ್ಕದ ಅಜ್ಜಿ ಮೂಗೆಳೆದು ಕಣ್ಣರಳಿಸಿದಳು.

"ಮೊಣಕಾಲಿನ ಎಣ್ಣಿ ಏನ್ರಿ ಅದು?"

ಅಲ್ಲವೆನ್ನಲು ಬಾಯಿ ತೆರೆದೆ. ಆದರೆ ನಮ್ಮಜ್ಜಿಯೂ ಟರ್ಪೆಂಟೈನನ್ನು ಕೀಲುನೋವಿಗೆ ತಿಕ್ಕುತ್ತಿದ್ದುದು ನೆನಪಾಗಿ ಸುಳ್ಳು ಹೇಳಲಾಗಲಿಲ್ಲ. ಅಂಗೈಗೆ ನಾಲ್ಕು ಹನಿ ಹಾಕಿದೆ. ಅವಳು ಅಲ್ಲೇ ತಿಕ್ಕಿಕೊಂಡು, ಉರಿ ಹತ್ತಿದೊಡನೆ "ಹತ್ತಿತು ನೋಡ್ರಿ" ಎಂದು ಬಸ್ಸಿಗೆಲ್ಲ ಸಾಕ್ಷಿ ಹೇಳಿದಳು. ಆ ಬಸ್ಸಿನಲ್ಲಿ ನೋವಿಲ್ಲದ ಮೊಣಕಾಲು ಇರಲಿಲ್ಲ. ಡ್ರೈವರು ಕೂಡ ಜತ್ತ ಮುಟ್ಟಿದ ಮೇಲೆ ಖಾಕಿ ಪ್ಯಾಂಟು ಮೇಲಕ್ಕೆ ಮಡಿಚಿಕೊಂಡು ಬಂದ. ಬಣ್ಣ ತೆಳ್ಳಗೆ ಮಾಡಲು, ಬೇಗ ಒಣಗಿಸಲು ತಂದದ್ದು ಜತ್ತ ತಾಲ್ಲೂಕಿನ ಕೀಲುಗಳೊಳಗೆ ಇಂಗಿತು. ಸೀಸೆ ಬರಿದಾಯಿತು.

ಮುಚ್ಚಂಡಿ

ಜತ್ತ ತಾಲ್ಲೂಕಿನ ಈ ಹಳ್ಳಿಯಲ್ಲಿ ನಾನು ಇಳಿದುಕೊಂಡದ್ದು ಮಲ್ಲಣ್ಣನವರ ಪರಿಚಯದ ಸಿದ್ರಾಮಪ್ಪನವರ ಮನೆಯಲ್ಲಿ. ಒಕ್ಕಲುತನದ ಜೊತೆಗೆ ಕಿರಾಣಿ ಅಂಗಡಿಯೂ ಇದೆ. ಹಣೆಗೆ ವಿಭೂತಿ, ಬಾಯಲ್ಲಿ ಸದಾ ಲವಂಗ, ಕಣ್ಣು ತಕ್ಕಡಿಯ ಮುಳ್ಳಿನಂಥದು. ನೋಡಿದೊಡನೆ ನಮ್ಮ ಜಾತಿಯವರೆಂದು ತಿಳಿಯಿತು, ಅಂದರೆ ಚೌಕಾಸಿಯ ಜಾತಿ. ಅವರ ಹೆಂಡತಿ ಗೌರವ್ವ ಬಿಸಿ ಜೋಳದ ರೊಟ್ಟಿಗೆ ಅಗಸೆ ಚಟ್ನಿಪುಡಿ ಹಾಕಿ ಮುಂದಿಟ್ಟರು. ನಾನು ಬಣ್ಣ ಕಲಸಲು ಸೀಸೆಯಲ್ಲಿ ಜೋಪಾನವಾಗಿ ತಂದಿದ್ದುದು ಇದೇ ಅಗಸೆಯ ಎಣ್ಣೆ. ಹಾಗೆಂದು ಹೇಳಿದಾಗ ಗೌರವ್ವ, "ಉಣ್ಣೂದನ್ನ ಬಟ್ಟಿಗಿ ಯಾಕ ಹಚ್ತೀರಿ, ನಿಮ್ಮ ಕಡೆ ರೊಟ್ಟಿ ಇಲ್ಲೇನ್ರಿ?" ಎಂದು ಮರುಗಿ ಇನ್ನೊಂದು ರೊಟ್ಟಿ ಹಾಕಿದರು.

ಸುಗ್ಗಿ ಮುಗಿದು ಹೊಲಗಳು ಖಾಲಿ ಇದ್ದವು. ಈ ಕಡೆ ಅಂಥ ಹೊತ್ತಿಗೆ ಒಂದು ಪದ್ಧತಿ ಇದೆ. ಕುರಿಗಾರರನ್ನು ಕರೆದು ರಾತ್ರಿ ಹೊಲದಲ್ಲಿ ಹಿಂಡು ಕೂಡಿಸಿಕೊಳ್ಳುತ್ತಾರೆ. ಕುರಿಯ ಹಿಕ್ಕೆ ನೆಲಕ್ಕೆ ಗೊಬ್ಬರವಾಗುತ್ತದೆ, ಕುರಿಗಾರನಿಗೆ ಹೊಲದವರು ಜೋಳ ಅಳೆದು ಕೊಡುತ್ತಾರೆ. ನಮ್ಮ ಕಡೆಯೂ ಇದು ಉಂಟು, ಆದರೆ ಅದರ ಸೂಕ್ಷ್ಮ ಪೇಟೆಯವನಾದ ನನಗೇನು ಗೊತ್ತು? ಸಿದ್ರಾಮಪ್ಪನವರ ಹೊಲಕ್ಕೆ ಬೀರಪ್ಪ ಎನ್ನುವವನ ಹಿಂಡು ಬಂದಿತ್ತು. ಇಲ್ಲಿ ಕೆಲವೇ ರಾತ್ರಿ, ಆಮೇಲೆ ಸೊರಡಿ ಎಂಬ ಊರಿನ ಹೊಲಕ್ಕೆ ಮಾತಾಗಿದೆ ಎಂದರು. ಅಷ್ಟರೊಳಗೆ ನನ್ನ ಚಿತ್ರ ಮುಗಿಯಬೇಕು. ಸಾಕಷ್ಟಾಯಿತು ಎಂದುಕೊಂಡೆ.

ಮೊದಲ ಬೆಳಗು

ನಸುಕಿನಲ್ಲೇ ಹೋಗಿ ಮೂರು ಕಾಲಿನ ಚೌಕಟ್ಟು ನಿಲ್ಲಿಸಿದೆ. ಎದುರಿಗೆ ಒಂದು ಬೇವಿನ ಮರ, ಹಿಂದೆ ದೂರದ ಬೋಳು ಗುಡ್ಡ, ಮರದ ಕೆಳಗೆ ಹಿಂಡು. ಕರಿಯವೇ ಹೆಚ್ಚು, ನಡುವೆ ಅಲ್ಲಲ್ಲಿ ಕಂದು ಮಚ್ಚೆಯ ಬಿಳಿಯವು, ಎತ್ತರದ ಕಾಲು, ಬಾಗಿದ ಮೂಗು. ಆ ಮೂಗಿನ ಮೇಲಿಂದ ಅವು ನನ್ನನ್ನು ನೋಡಿದ ರೀತಿಗೆ ಹೈಸ್ಕೂಲಿನ ಮಾಸ್ತರರ ನೆನಪಾಯಿತು.

ಗುಡ್ಡ ಬರೆದೆ, ಮರ ಬರೆದೆ, ಕುರಿಗಳ ರೂಪರೇಖೆ ಹಾಕಿದೆ. ಗಾಳಿಗೆ ಜೋಳದ ಹೊಟ್ಟು ಹಾರಿಬಂದು ಹಸಿ ಆಕಾಶಕ್ಕೆ ಅಂಟಿಕೊಂಡಿತು. ಕೀಳಲು ಹೋದರೆ ಆಕಾಶವೇ ಕಿತ್ತು ಬರುತ್ತದೆ, ಬಿಟ್ಟುಬಿಟ್ಟೆ. ಸೂರ್ಯ ಮೇಲೆ ಬಂದು ಕುರಿಗಳ ಬೆನ್ನಿಗೆ ಬೆಳಕು ಬೀಳುವ ಹೊತ್ತಿಗೆ ಸರಿಯಾಗಿ ಬೀರಪ್ಪ ಒಂದು ಶಬ್ದ ಮಾಡಿದ. ಹಿಂಡು ಎದ್ದು, ಮೈ ಕೊಡವಿ, ಮೇಯಲು ಹೊರಟುಹೋಯಿತು. ನನ್ನ ಮುಂದೆ ಉಳಿದದ್ದು ಮರ ಮತ್ತು ಹಿಕ್ಕೆ.

ಅಡ್ಡಿಯಿಲ್ಲ, ನಾಳೆ ಮತ್ತೆ ಬರುತ್ತವಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಎರಡನೆಯ ಬೆಳಗು

ಬಂದದ್ದೇನೋ ನಿಜ. ಆದರೆ ಬೇವಿನ ಮರದ ಕೆಳಗಲ್ಲ, ಅಲ್ಲಿಂದ ಸರಿದು ಆಚೆಯ ಪಟ್ಟಿಯಲ್ಲಿ ಕೂತಿದ್ದವು. ಹಿಂದೆ ಗುಡ್ಡವಿಲ್ಲ, ಮರವಿಲ್ಲ, ಸಿದ್ರಾಮಪ್ಪನವರ ಬಾವಿಯ ಮುರುಕು ಗೋಡೆ ಇತ್ತು. ನಿನ್ನೆಯ ಕುರಿಗಳಿಗೆ ಇಂದಿನ ಗೋಡೆ ಬರೆದರೆ ಕಂಡದ್ದನ್ನೇ ಬರೆದ ಹಾಗಾಗುತ್ತದೆಯೆ? ಬೀರಪ್ಪನನ್ನು ಕೂಗಿ, ಇಲ್ಲೇಕೆ ಬಂದಿರಿ, ನಿನ್ನೆಯ ಜಾಗಕ್ಕೇನಾಗಿತ್ತು ಎಂದು ಕೇಳಿದೆ.

"ದಿನಾ ಸರಸ್ತೀವ್ರಿ. ನನಗೇನದ, ಕುರಿಗಿ ಎಲ್ಲಾ ನೆಲಾ ಒಂದ. ಮಾಲಕರನ್ನ ಕೇಳ್ರಿ."

ಮಾಲೀಕರ ಬಳಿಗೆ ಹೋದೆ. ಸಿದ್ರಾಮಪ್ಪನವರು ಲವಂಗವನ್ನು ಆ ದವಡೆಯಿಂದ ಈ ದವಡೆಗೆ ಸರಿಸಿ, ಹೊಲವೆಲ್ಲ ಒಂದೇ ಸಮ ಗೊಬ್ಬರ ಕಾಣಬೇಕಾದರೆ ಹಿಂಡು ರಾತ್ರಿ ರಾತ್ರಿಗೂ ಪಟ್ಟಿ ಬದಲಿಸಬೇಕು ಎಂದು ವಿವರಿಸಿದರು. ಒಂದೇ ಕಡೆ ಮತ್ತೆ ಕೂಡಿಸಿದರೆ ಗೊಬ್ಬರದ ಬಿಸಿಗೆ ಅಲ್ಲಿನ ಬೆಳೆ ಸುಟ್ಟುಹೋಗುತ್ತದೆ, ಬಿಟ್ಟ ಪಟ್ಟಿ ಉಪವಾಸ ಬೀಳುತ್ತದೆ. ಒಂದು ಚಿತ್ರಕ್ಕಾಗಿ ಅವರು ಒಂದು ಪಟ್ಟಿ ಬಿಡಬೇಕು. ಅಷ್ಟು ಹೇಳಿ ಸುಮ್ಮನಾದರು. ಆ ಮೌನ ನನಗೆ ಚೆನ್ನಾಗಿ ಗೊತ್ತು. ಅದು ಇಲ್ಲ ಎನ್ನುವ ಮೌನವಲ್ಲ, ಬೆಲೆ ಕೇಳುವ ಮೌನ.

ಚಿತ್ರದಲ್ಲಿ ನಿಮ್ಮ ಎತ್ತುಗಳನ್ನೂ ಬರೆಯುತ್ತೇನೆ ಎಂದೆ. ಎತ್ತು ಹಟ್ಟಿಯಲ್ಲೇ ಇವೆ, ದಿನಾ ನೋಡುತ್ತೇನೆ ಎಂದರು. ನಿಮ್ಮ ಮುಖವನ್ನೇ ಬೇರೆಯಾಗಿ ಬರೆದು ಕೊಡುತ್ತೇನೆ ಎಂದೆ. ಅದನ್ನೂ ಗೌರವ್ವ ದಿನಾ ನೋಡುತ್ತಾಳೆ, ಸಾಕಾಗಿದೆ ಎಂದರು. ಕೊನೆಗೆ ತಾವಾಗಿಯೇ ಬಾಯಿಬಿಟ್ಟರು.

"ಅಂಗಡಿಗೊಂದು ಬೋರ್ಡ್ ಬರದ ಕೊಡ್ರಿ. ಅರ್ಧಾ ಮರಾಠಿ, ಅರ್ಧಾ ಕನ್ನಡ. ಒಂದು ರಾತ್ರಿ ಅಲ್ಲ, ಎರಡ ರಾತ್ರಿ ಕುರಿ ಬೇವಿನ ಗಿಡದ ಬುಡಕ ಕುಂದ್ರಸ್ತೀನಿ."

ನಾನು ಬೋರ್ಡಿನವನೆಂದು ಹೇಳಿಯೇ ಇರಲಿಲ್ಲ. ಹೇಗೆ ತಿಳಿಯಿತೆಂದು ಕೇಳಿದೆ. ನಿನ್ನೆ ಚಿತ್ರ ಬರೆಯುವ ಮೊದಲು ನಾನು ಕ್ಯಾನ್ವಾಸಿನ ಮೇಲೆ ದಾರ ಹಿಡಿದು ನೇರ ಗೆರೆ ಹಾಕಿದೆನಂತೆ. ಗುಡ್ಡಕ್ಕೆ ದಾರ ಹಿಡಿಯುವವನು ಇನ್ನೇನಾಗಿರುತ್ತಾನೆ ಎಂದರು.

ಅಂಗಡಿಯ ಮುಂದೆ

ಬೋರ್ಡು ಬರೆದೆ. ಹಟ ಹಿಡಿದು ಉದ್ದವನ್ನು ಒಂದು ಗೇಣು ಕಡಿಮೆ ಮಾಡಿಸಿದೆ, ಲಕ್ಷ್ಮಿಯ ಚಿತ್ರ ಬೇಡವೆನ್ನಿಸಿದೆ, ಅಷ್ಟರ ಮಟ್ಟಿಗೆ ಗೆದ್ದೆ. ಹೊಲದಲ್ಲಿ ಚಿತ್ರ ಬರೆಯುವಾಗ ಇಣುಕಿಯೂ ನೋಡದ ಊರು ಬೋರ್ಡು ಬರೆಯುವಾಗ ಅರ್ಧಚಂದ್ರಾಕಾರವಾಗಿ ನಿಂತಿತು. ಮರಾಠಿ ಅಕ್ಷರದ ತಲೆಗೆರೆಯನ್ನು ಒಂದೇ ಉಸಿರಿಗೆ ಎಳೆದಾಗ ಯಾರೋ "ಭಾಳ ಚಲೋ" ಎಂದರು. ಕುಣಿಕೋಣೂರಿನಿಂದ ಸಾಮಾನಿಗೆ ಬಂದವರೊಬ್ಬರು ತಮ್ಮ ಹಿಟ್ಟಿನ ಗಿರಣಿಗೂ ಒಂದು ಬೇಕೆಂದು ಹಿಂದೆ ಬಿದ್ದರು. ಬಸ್ಸಿನ ಸುದ್ದಿ ಕೇಳಿ ಮೊಣಕಾಲು ನೋವಿನವರೂ ಬಂದು ಸರದಿ ನಿಂತರು. ಮಾಸ್ತರರು ಇದನ್ನೆಲ್ಲ ನೋಡಬಾರದಪ್ಪಾ ಎಂದುಕೊಂಡೆ.

ಇನ್ನು ಬೀರಪ್ಪನ ಕಡೆಯ ಚೌಕಾಸಿ ಉಳಿದಿತ್ತು. ಜಾಗ ಸಿಕ್ಕಿದರೆ ಸಾಲದು, ಬೆಳಕೂ ಸಿಗಬೇಕು. ಸೂರ್ಯ ಬೇವಿನ ಮರದ ಕೊಂಬೆಗೆ ಬರುವವರೆಗೆ ಹಿಂಡನ್ನು ಎಬ್ಬಿಸಬಾರದು ಎಂದು ಕೇಳಿದೆ. ಕುರಿಗಳ ಹೊಟ್ಟೆಯ ಪ್ರಶ್ನೆ, ಆಗುವುದಿಲ್ಲ ಎಂದ. ಆಮೇಲೆ ನನ್ನ ಪೆಟ್ಟಿಗೆಯ ಕಡೆ ನೋಡಿ, ಆ ಕೆಂಪು ಮಳೆಗೆ ಹೋಗುತ್ತದೆಯೇ ಎಂದು ಕೇಳಿದ. ಎಣ್ಣೆ ಬಣ್ಣ, ಪ್ರಳಯವಾದರೂ ಹೋಗುವುದಿಲ್ಲ ಎಂದೆ. ವ್ಯಾಪಾರದ ಬಾಯಿ, ತಡೆಯುವುದು ಕಷ್ಟ.

ಅವನಿಗೆ ಬೇಕಾದದ್ದು ಗುರುತು. ಸೊರಡಿಯ ಹೊಲದಲ್ಲಿ ಇನ್ನೊಬ್ಬನ ಹಿಂಡೂ ಪಕ್ಕದಲ್ಲೇ ಇಳಿಯಲಿತ್ತು. ಕುರಿ ಬೆರೆತರೆ ಬೇರ್ಪಡಿಸಲು ಒಬ್ಬೊಬ್ಬ ಕುರಿಗಾರನಿಗೂ ಒಂದೊಂದು ಗುರುತು, ಬೀರಪ್ಪನದು ಸೊಂಟದ ಮೇಲೆ ಅಡ್ಡ ಪಟ್ಟೆ. ಕೆಮ್ಮಣ್ಣಿನಲ್ಲಿ ಹಚ್ಚಿದ್ದು ಅಳಿಸಿಹೋಗಿತ್ತು. ಹಿಂಡಿಗೆಲ್ಲ ಪಟ್ಟೆ ಹಚ್ಚಿಕೊಟ್ಟರೆ ಒಂದು ಬೆಳಗು ತಡೆದು ನಿಲ್ಲಿಸುವುದಾಗಿ ಮಾತು ಕೊಟ್ಟ.

ಹುಬ್ಬಳ್ಳಿಯ ಆ ಕೆಂಪು ಡಬ್ಬಿಗೆ ಕೊನೆಗೂ ಗಿರಾಕಿ ಸಿಕ್ಕಿತು ಎಂದು ನಾನು ಒಳಗೊಳಗೇ ಹಿಗ್ಗಿದೆ. ಕರಿ ಉಣ್ಣೆಯ ಮೇಲೆ ಕಾಣಲೆಂದು ಒಂದಿಷ್ಟು ಬಿಳಿ ಬೆರೆಸಿದೆ. ತೆಳ್ಳಗೆ ಮಾಡಲು ಟರ್ಪೆಂಟೈನ್ ಇಲ್ಲ, ಅಗಸೆ ಎಣ್ಣೆ ಚಿತ್ರಕ್ಕಷ್ಟೇ ಸಾಕು. ಸಿದ್ರಾಮಪ್ಪನವರ ಅಂಗಡಿಯಲ್ಲಿ ಗಾಣದ ಕುಸುಬೆ ಎಣ್ಣೆ ಇತ್ತು. ಎಣ್ಣೆಗೆ ಎಣ್ಣೆ, ಅದನ್ನೇ ಧಾರಾಳವಾಗಿ ಸುರಿದೆ. ಬೀರಪ್ಪ ಒಂದೊಂದೇ ಕುರಿಯನ್ನು ಕಾಲಸಂದಿಯಲ್ಲಿ ಹಿಡಿದ, ನಾನು ಪಟ್ಟೆ ಎಳೆದೆ. ಮೊದಲ ಕುರಿಗೆ ಅಂಚುಕಟ್ಟಿ, ಕೆಳಗೊಂದು ನೆರಳುಗೆರೆಯನ್ನೂ ಕೊಟ್ಟೆ. ಕುರಿ ಕುತ್ತಿಗೆ ತಿರುಗಿಸಿ ನೋಡಿತು.

"ಸಾಕ್ರಿ ಪೇಂಟರ್ರ, ಇದು ಕುರಿ, ಗುಡಿ ಅಲ್ಲ" ಎಂದ ಬೀರಪ್ಪ. ಆಮೇಲೆ, "ಒಣಗ್ತದಿಲ್ಲೋ?"

ರಾತ್ರಿಯೊಳಗೆ ಕಲ್ಲಾಗುತ್ತದೆ ಎಂದೆ. ಕುರಿಗಳನ್ನು ಎದುರಿಗಿಟ್ಟುಕೊಂಡು ಬರೆಯಲು ಬಂದವನು ಕುರಿಗಳ ಮೇಲೆಯೇ ಬರೆದು ಸಂಜೆ ಮಾಡಿದೆ.

ಕೊನೆಯ ಬೆಳಗು

ಓದುಗರೇ, ಬರೆದಿಟ್ಟುಕೊಳ್ಳಿ. ಕುಸುಬೆ ಎಣ್ಣೆ ಸೇರಿದ ಬಣ್ಣ ರಾತ್ರಿಯೊಳಗಲ್ಲ, ವಾರದೊಳಗೂ ಒಣಗುವುದಿಲ್ಲ. ಕುರಿಗಳು ರಾತ್ರಿ ಮಲಗುವುದು ಒಂದಕ್ಕೊಂದು ಮೈ ಒತ್ತಿಕೊಂಡು, ತಿಕ್ಕಾಡಿಕೊಂಡು.

ನಸುಕು ಹರಿದಾಗ ಬೇವಿನ ಮರದ ಕೆಳಗೆ ಒಂದೇ ಒಂದು ಪಟ್ಟೆ ಉಳಿದಿರಲಿಲ್ಲ. ಹೊಟ್ಟೆ, ಕಿವಿ, ಬಾಲ, ಬಾಗಿದ ಮೂಗು ಎಲ್ಲ ಕೆಂಪು. ಬಾಡಿಗೆಯ ಬ್ಯಾಂಡಿನವರ ಸಮವಸ್ತ್ರ ತೊಟ್ಟ ಹಾಗೆ ಹಿಂಡಿಗೆ ಹಿಂಡೇ ಕೂತಿತ್ತು. ಬುತ್ತಿ ತಂದ ಗೌರವ್ವ ಸೆರಗು ಬಾಯಿಗಿಟ್ಟುಕೊಂಡು ಮರದ ಹಿಂದೆ ಹೋದರು. ಅಲ್ಲಿಂದ ನಗು ಕೇಳುತ್ತಿತ್ತು. ಬೀರಪ್ಪ ನಗಲಿಲ್ಲ. ಹೆಗಲ ಕಂಬಳಿಯ ಅಂಚನ್ನು ನೋಡಿಕೊಂಡ, ಅದೂ ಕೆಂಪಾಗಿತ್ತು.

"ನಾ ಗುರ್ತು ಹಚ್ರಿ ಅಂದಿನಿ. ನೀವು ಎಲ್ಲಾಕ್ಕೂ ಕೂಡಿಸಿ ಮದಿವಿ ಮಾಡೀರಿ."

ಹಿಂಡನ್ನು ಈಗಲೇ ಎಬ್ಬಿಸಿಕೊಂಡು ಹೋಗಿ ಎನ್ನಲು ಹೊರಟೆ. ಅವನು ಕೋಲು ನೆಲಕ್ಕೂರಿ ಕೂತ.

"ಬರೀರಿ. ಮಾತು ಕೊಟ್ಟೀನಿ. ಹೊತ್ತು ಗಿಡಕ್ಕ ಬರೂ ತನಕ ಏಳಂಗಿಲ್ಲ."

ಬರೆಯುವುದು ಏನನ್ನು? ಕುರಿಗಳು ಕರಿಯವೆಂದು ನನಗೆ ಗೊತ್ತು, ಬೀರಪ್ಪನಿಗೆ ಗೊತ್ತು, ದಾವಣಗೆರೆಗೂ ಗೊತ್ತು. ಆದರೆ ಎದುರಿಗೆ ಕಾಣುತ್ತಿದ್ದದ್ದು ಕೆಂಪು. ಕರಿಯದಾಗಿ ಬರೆದರೆ ಮನಸ್ಸಿನಲ್ಲಿದ್ದ ಕುರಿ ಬರೆದ ಹಾಗೆ, ಅಂದರೆ ಕ್ಯಾಲೆಂಡರ್ ನೋಡಿ ಬರೆದ ಹಾಗೆಯೇ. ಕೆಂಪಾಗಿ ಬರೆದರೆ ಮಲ್ಲಣ್ಣನವರು ಗೋಡೆಗೆ ಹಾಕುವುದಿಲ್ಲ. ಎರಡು ಕಡೆಯೂ ನನ್ನ ಹೆಸರು ಹೋಯಿತು. ಅಷ್ಟರಲ್ಲಿ ಸೂರ್ಯ ಬಂದ. ಹಸಿ ಎಣ್ಣೆಯ ಮೇಲೆ ಬೆಳಕು ಬಿದ್ದು ಒಂದೊಂದು ಕುರಿಯ ಬೆನ್ನೂ ಕೆಂಡದ ಅಂಚಿನ ಹಾಗೆ ಹೊಳೆಯಿತು. ಯಾವುದು ಸೂರ್ಯ, ಯಾವುದು ಹುಬ್ಬಳ್ಳಿಯ ಕೊಳವೆ ಎಂದು ನನಗೇ ತಿಳಿಯದಾಯಿತು. ದಾರ, ಗೆರೆ ಯಾವುದೂ ನೆನಪಾಗಲಿಲ್ಲ. ಕಂಡಷ್ಟನ್ನೂ ಮೆತ್ತಿದೆ. ಮರದ ಕೊಂಬೆಗೆ ಸೂರ್ಯ ಬಂದು, ದಾಟಿ, ಇನ್ನೂ ಒಂದಿಷ್ಟು ಮೇಲೇರುವವರೆಗೂ ಬೀರಪ್ಪ ಎಬ್ಬಿಸಲಿಲ್ಲ. ನಾನು ಮೂಲೆಯಲ್ಲಿ ಹೆಸರು ಬರೆದು ಕುಂಚ ಕೆಳಗಿಟ್ಟ ಮೇಲೆಯೇ ಎದ್ದ.

ಬಂದು ಚಿತ್ರವನ್ನು ಬಹಳ ಹೊತ್ತು ನೋಡಿ, ಸೊರಡಿಯಲ್ಲಿ ತೊಂದರೆಯಾಗಲಿಕ್ಕಿಲ್ಲ ಎಂದ. ಅಲ್ಲಿ ಬೇರೆ ಯಾರ ಕುರಿಯೂ ಈ ಬಣ್ಣದ್ದು ಇರುವುದಿಲ್ಲವಲ್ಲ. ಅದು ಕ್ಷಮೆಯೋ ಬೈಗುಳವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮತ್ತೆ ದಾವಣಗೆರೆ

ಹಸಿ ಚಿತ್ರ ಒಯ್ಯುವವರು ಅದರ ಮೇಲೆ ಖಾಲಿ ಚೌಕಟ್ಟೊಂದನ್ನು ಮುಖಕ್ಕೆ ಮುಖವಾಗಿಟ್ಟು, ಮೂಲೆಗಳಲ್ಲಿ ಜೋಳದ ದಂಟಿನ ತುಂಡು ಕೊಟ್ಟು ಕಟ್ಟಬೇಕು. ದಂಟು ಬಿಟ್ಟಿ ಸಿಗುತ್ತದೆ. ಎಲೆಯಡಿಕೆ ಇಡುವವರಿಗೂ ಅನುಕೂಲ.

ಯುಗಾದಿಯಂದು ಚಿತ್ರ ಗೋಡೆಗೇರಿತು. ಡ್ರಾಯಿಂಗ್ ಮಾಸ್ತರರು ಕನ್ನಡಕ ಹಾಕಿಕೊಂಡು ಮೂಗು ತಾಗುವಷ್ಟು ಹತ್ತಿರ ಹೋದರು, ಹಿಂದೆ ಸರಿದರು, ಮತ್ತೆ ಹತ್ತಿರ ಹೋಗಿ ಆಕಾಶದ ಹೊಟ್ಟನ್ನು ಉಗುರಿನಿಂದ ಮುಟ್ಟಿದರು. ಬೆಳಗಿನ ಬೆಳಕು ಉಣ್ಣೆಯ ಮೇಲೆ ಬೀಳುವ ಈ ಪರಿಯನ್ನು ಎದುರಿಗೆ ಕೂತಲ್ಲದೆ ಯಾರೂ ಬರೆಯಲಾರರು ಎಂದು ಎಲ್ಲರ ಮುಂದೆ ಒಪ್ಪಿಕೊಂಡರು. ಹೆಸರು ಮೂಲೆಯಲ್ಲೇ ಉಳಿಯಿತು. ಹೊಗಳಿಕೆ ಬಂದಾಗ ಕಾರಣ ವಿಚಾರಿಸಬೇಡಿ, ತಲೆ ಬಾಗಿಸಿ.

ಮಳೆಗೆ ಮುಂಚೆ ಒಂದು ದಿನ ಮಲ್ಲಣ್ಣನವರು ಹೇಳಿಕಳಿಸಿದರು. ಅದೇ ಚಿತ್ರದ ಕೆಳಗೆ ಕೂತಿದ್ದರು, ಮುಂದೆ ಜತ್ತದಿಂದ ಬಂದ ಉಣ್ಣೆಯ ಮೂಟೆ ಬಿಚ್ಚಿತ್ತು. ಒಂದು ಹಿಡಿ ತೆಗೆದು ನನ್ನ ಮುಖಕ್ಕೆ ಹಿಡಿದರು. ಕರಿ ಉಣ್ಣೆಯ ತುಂಬ ಕೆಂಪು.

"ಯಾವ ದಡ್ಡನೋ ಕುರಿಗೆ ಎಣ್ಣೆ ಬಣ್ಣ ಬಳಿದಿದ್ದಾನೆ ಕಣ್ರೀ. ಸೀಗೆಕಾಯಿಗೆ ಹೋಗಲ್ಲ, ಸೋಡಾಕ್ಕೆ ಹೋಗಲ್ಲ. ನೀವು ಬಣ್ಣದವರು, ತೆಗೆಯೋದು ಹೇಗೆ ಹೇಳಿ."

ನಾನು ಉಣ್ಣೆಯನ್ನು ಬೆಳಕಿಗೆ ಹಿಡಿದು, ತೆಗೆಯಬೇಡಿ ಎಂದೆ. ಹಾಗೆಯೇ ನೂಲಿಸಿ ನೇಯಿಸಿ, ಕರಿಯ ಮೇಲೆ ಕೆಂಪು ಚುಕ್ಕೆಯ ಕಂಬಳಿ ಈ ಜಿಲ್ಲೆಯಲ್ಲೇ ಯಾರಲ್ಲೂ ಇಲ್ಲ, ಬೆಲೆ ಮೇಲಿಟ್ಟು ಮಾರಿ ಎಂದು ಸಲಹೆ ಕೊಟ್ಟೆ. ಅವರು ಹಾಗೇ ಮಾಡಿದರು. ನನ್ನ ಸಲಹೆಗಳಲ್ಲಿ ಅದರಷ್ಟು ಫಲಿಸಿದ್ದು ಇನ್ನೊಂದಿಲ್ಲ. ಮದುವೆ ಉಡುಗೊರೆಗೆಂದು ಜನ ಕೇಳಿಕೊಂಡು ಬಂದರು.

ಕೊನೆಯದೊಂದು ಉಳಿದಿದೆ ಎಂದು ಕೇಳಿ ನಾನೇ ಅಂಗಡಿಗೆ ಹೋದೆ. ಮಲ್ಲಣ್ಣನವರು ಬೆಲೆ ಹೇಳಿದರು. ನಾನು ಅಷ್ಟನ್ನೂ ಕೊಟ್ಟೆ. ಅವರು ದುಡ್ಡು ಮುಟ್ಟದೆ ನನ್ನ ಹಣೆ ಮುಟ್ಟಿ, ಜ್ವರವಿದೆಯೇ ಎಂದು ನೋಡಿದರು.